ಹಳೆ ಅರದಿಂದ ಕಾಡಿನ ಚಾಕು, ನಡುವೆ ಮೂರು ಡ್ರಿಲ್ ಬಿಟ್ ಬಲಿ

ಹಾಂ, ವಿಡಿಯೋ ಶುರು. ಈ ತುಕ್ಕು ಹಿಡಿದ ಪಟ್ಟಿ ಹತ್ತು ಇಂಚಿನ ಹಳೆ ಅರ, ಲೋಹ ಉಜ್ಜುವ ಫೈಲ್. ಗ್ಯಾರೇಜಿನವರು ಗುಜರಿಗೆ ಹಾಕಲು ಇಟ್ಟಿದ್ದರು. ಕೇಳಿದೆ, ಕೊಟ್ಟರು. ಒಳ್ಳೆ ಹಳೆ ಅರ ಅಂದರೆ ಒಳಗೂ ಹೊರಗೂ ಒಂದೇ ಉಕ್ಕು, ಇಂಗಾಲ ಶೇಕಡಾ 1ರ ಆಸುಪಾಸು. ಅಗ್ಗದ ಕೆಲವು ಅರಗಳಲ್ಲಿ ಮೇಲಿನ ಪದರ ಮಾತ್ರ ಗಟ್ಟಿ. ಅದರಲ್ಲಿ ಚಾಕು ಮಾಡಿದರೆ ಬ್ರೆಡ್ಡಿಗೆ ಜಾಮ್ ಸವರಬಹುದು, ಅಷ್ಟೆ.

ರಾತ್ರಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟಿದ್ದೆ. ನಿಧಾನಕ್ಕೆ ಆರಿದರೆ ಉಕ್ಕು ಮೆತ್ತಗಾಗುತ್ತದೆ. ಗ್ರೈಂಡರಿನಲ್ಲಿ ಆಕಾರ ಕೊಟ್ಟ ಭಾಗವನ್ನು ವಿಡಿಯೋದಲ್ಲಿ ಫಾಸ್ಟ್ ಮಾಡಿದ್ದೇನೆ, ಆ ಕಿರಿಕಿರಿ ನಿಮಗ್ಯಾಕೆ.

ಅಲಗು 4 ಇಂಚು, ಬೆನ್ನು 4 ಮಿಲಿಮೀಟರ್. ಹೋದ ಸಲ ಒಬ್ಬರು 'ಇದು ಚಾಕೋ, ಉಗುರು ಕತ್ತರಿಸೋದೋ' ಅಂತ ಕೇಳಿದ್ದರು. ಸ್ವಾಮಿ, ಬುಷ್‌ಕ್ರಾಫ್ಟ್ ಚಾಕು, ಅಂದರೆ ಕಾಡಿನ ಸಣ್ಣಪುಟ್ಟ ಕೆಲಸದ ಚಾಕು, ಇರುವುದು ಕಡ್ಡಿ ಹೆರೆಯಲು, ಗೂಟ ಚೂಪು ಮಾಡಲು, ಬೆಂಕಿಗೆ ಸಿಪ್ಪೆ ಎಬ್ಬಿಸಲು. ಮರ ಕಡಿಯಲು ಕತ್ತಿ ಇದೆಯಲ್ಲ. ನಮ್ಮ ಮಲೆನಾಡಿನಲ್ಲಿ ಸೊಂಟಕ್ಕೆ ಕೊಕ್ಕೆ ಕಟ್ಟಿ, ಅದರಲ್ಲಿ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರನ್ನು ನೋಡಿದ್ದೀರಲ್ವಾ? ಅವರಿಗೆ ಬುಷ್‌ಕ್ರಾಫ್ಟ್ ಅನ್ನೋ ಹೆಸರೇ ಬೇಕಾಗಿಲ್ಲ. ಅಜ್ಜನ ಕೊಕ್ಕೆ ಇನ್ನೂ ಮನೆಯಲ್ಲಿದೆ, ಅದರ ಮರದ ಕೆತ್ತನೆ ಎಷ್ಟು ಚೆಂದ ಅಂದರೆ... ಅದನ್ನು ಇನ್ನೊಂದು ದಿನ ತೋರಿಸುತ್ತೇನೆ. ಅಯ್ಯೋ, ಕುಲುಮೆ ಶಾಟ್ ಬಂದೇಬಿಟ್ಟಿತು.

ಇದ್ದಿಲು, ಹೇರ್ ಡ್ರೈಯರ್, ನಾಲ್ಕು ಇಟ್ಟಿಗೆ. ಕೈಯಲ್ಲಿರುವುದು ಹಳೆ ಸ್ಪೀಕರಿನ ಅಯಸ್ಕಾಂತ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದರ ಮೇಲೆ ಒಂಚೂರು ಕಾಯಿಸಿ, ಮತ್ತೆ ಗಟ್ಟಿಯಾಗಲಿ ಅಂತ ಬೆಚ್ಚಗಿನ ಕಡಲೆಕಾಯಿ ಎಣ್ಣೆಗೆ ಅದ್ದಿದೆ. ನೀರಿಗೆ ಅದ್ದಬಾರದೇ ಅಂತ ಕೇಳಬೇಡಿ. ಇಷ್ಟು ಇಂಗಾಲದ ಉಕ್ಕು ನೀರಿಗೆ ಬಿದ್ದರೆ ಎಷ್ಟೋ ಸಲ 'ಟಿಣ್' ಅನ್ನುತ್ತದೆ, ಅಲ್ಲಿಗೆ ಬಿರುಕು ಬಿಟ್ಟಿತು ಅಂತಲೇ ಲೆಕ್ಕ. ಆಮೇಲೆ ಪಟ್ಟನೆ ಮುರಿಯದಿರಲಿ ಅಂತ ಓವನ್ನಿನಲ್ಲಿ 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. ಒಣಹುಲ್ಲಿನ ಬಣ್ಣ ಬಂತು ನೋಡಿ, ಹದ ಸರಿಯಾಗಿದೆ. ಓವನ್ ಅಮ್ಮನದು. ಕೇಕಿನಲ್ಲಿ ಕರಿದ ಎಣ್ಣೆಯ ವಾಸನೆ ಯಾಕೆ ಅಂತ ಈಗ ಅವಳಿಗೂ ಗೊತ್ತಾಗುತ್ತದೆ.

ಈಗ ನನ್ನ ಮುಖ ನೋಡಿ. ಇಲ್ಲಿ, ಇದೇ ಕ್ಷಣ. ಹಿಡಿಗೆ ಹಿತ್ತಾಳೆ ಪಿನ್ ಹಾಕುವ ತೂತು ಕೊರೆದೇ ಇಲ್ಲ ಅಂತ ನೆನಪಾಗಿದ್ದು ಆಗ!

ಉಕ್ಕು ಮೆತ್ತಗಿದ್ದಾಗ ಎರಡು ನಿಮಿಷದ ಕೆಲಸ. ಈಗ ಅದು ಮತ್ತೆ ಹೆಚ್ಚುಕಡಿಮೆ ಅರದಷ್ಟೇ ಗಟ್ಟಿ. ಆದರೂ ಪ್ರಯತ್ನ ಪಟ್ಟೆ. ಮೊದಲ ಬಿಟ್ ಕಿರುಚಿತು, ತುದಿ ನೀಲಿಯಾಯಿತು, ಸತ್ತಿತು. ಉಕ್ಕಿನ ಮೇಲೆ ಬರೀ ಒಂದು ಹೊಳೆಯುವ ಚುಕ್ಕೆ. ಎಣ್ಣೆ ಹಾಕಿ ನಿಧಾನಕ್ಕೆ ಕೊರೆದರೆ ಆಗಬಹುದು ಅಂತ ಎರಡನೆಯದು. ಅದೂ ಹೋಯಿತು. ಒಂದೊಂದಕ್ಕೆ 70 ರೂಪಾಯಿ. 14 ಕಿಲೋಮೀಟರ್ ಬೈಕ್ ಓಡಿಸಿ ಪೇಟೆಗೆ ಹೋದೆ. ಅಂಗಡಿಯವರು 'ಇದು ಗಾಜನ್ನೇ ಕೊರೆಯುತ್ತೆ, ನಿಮ್ಮ ಚಾಕು ಯಾವ ಲೆಕ್ಕ' ಅಂತ 180 ರೂಪಾಯಿಯದ್ದು ಕೊಟ್ಟರು. ನಾನು ಜಾಸ್ತಿ ಒತ್ತಿದೆ, ಅದರ ಮೂಗು ಮುರಿಯಿತು. ಬಿಟ್ಟಿ ಸಿಕ್ಕ ಅರಕ್ಕೆ ಡ್ರಿಲ್ ಬಿಟ್ಟಿನ ಖರ್ಚೇ 320 ರೂಪಾಯಿ. ಪೆಟ್ರೋಲ್ ಸೇರಿಸಿಲ್ಲ. ಅಮ್ಮ ವಿಡಿಯೋ ನೋಡುತ್ತಾಳೆ, ಸೇರಿಸುವುದು ಬೇಡ.

ಕೊನೆಗೆ ಊರಿನ ಕಬ್ಬಿಣದ ಕೆಲಸದ ಆಚಾರ್ರ ಹತ್ತಿರ ಹೋದೆ. ಅವರು ನಗಲೂ ಇಲ್ಲ, ಅದೇ ಜಾಸ್ತಿ ಬೇಜಾರು. 'ಅಲಗು ನೀರಲ್ಲಿ ಮುಳುಗಿಸು, ಹಿಡಿ ಕಡೆ ಮಾತ್ರ ಕಾಯಿಸು ಮಾರಾಯಾ' ಅಂದರು. ಹಾಗೇ ಮಾಡಿದೆ. ಬಕೆಟಿನ ನೀರಲ್ಲಿ ಅಲಗು, ಮೇಲೆ ಗ್ಯಾಸ್ ಟಾರ್ಚ್. ಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ, ಆಮೇಲೆ ಮಸುಕು ಕೆಂಪು. ಈ ಬಣ್ಣಗಳು ಕೆಳಕ್ಕೆ ಹರಿಯುವುದನ್ನು ಪೂರ್ತಿ ಬಿಟ್ಟಿದ್ದೇನೆ, ಇಡೀ ವಿಡಿಯೋದಲ್ಲಿ ನನಗೆ ಇಷ್ಟವಾದ ಶಾಟ್ ಇದೇ. ನೀಲಿ ಅಲಗಿಗೆ ಇಳಿದಿದ್ದರೆ ಹದ ಕೆಡುತ್ತಿತ್ತು. ಇಳಿಯಲಿಲ್ಲ. ತಾನಾಗಿ ಆರಿದ ಮೇಲೆ ಮನೆಯಲ್ಲಿದ್ದ ಹಳೇ ಬಿಟ್ ಹಾಕಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿಯಿತು.

ಹಿಡಿಗೆ ಹಲಸು. ಈಗ ಹಳದಿ, ವರ್ಷ ಕಳೆದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ವೀಣೆಗೂ ಇದೇ ಮರ. ಚಾಕುವಿಗೆ ಅಲಂಕಾರ ಮಾಡುವುದು ಸುಮ್ನೆ ಶೋಕಿ ಅಂತ ಹೋದ ವಿಡಿಯೋದಲ್ಲಿ ನಾನೇ ಹೇಳಿದ್ದೆ. ಗೊತ್ತು, ಕ್ಲಿಪ್ ಹಾಕಬೇಡಿ. ಆದರೆ ಹಲಸಿನ ಮಧ್ಯೆ ಈ ಕಪ್ಪು ಪಟ್ಟಿ ಕೂರಿಸಿದ ಮೇಲೆ ಮಾತು ವಾಪಸ್ ತೆಗೆದುಕೊಂಡೆ. ಅದು ಬೀಟೆ. ಕಾಡಿನದಲ್ಲ, ಮುರಿದ ಮಂಚದ ಕಾಲು. ನಮ್ಮ ಜಮೀನಲ್ಲೇ ಇದ್ದರೂ ಬೀಟೆ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. ನಾನು ಹಾಕಿಲ್ಲ. ಮುಂದಿನ ಶಾಟಿನಲ್ಲಿ ಕೆರೆದುಕೊಳ್ಳುತ್ತಿರುವುದು ಅದಕ್ಕೇ.

ಎರಡನೇ ಪಿನ್ ಮಧ್ಯಕ್ಕಿಂತ 2 ಮಿಲಿಮೀಟರ್ ಆಚೆ ಕೂತಿದೆ. ನಿಮಗೆ ಕಂಡಿರಲಿಲ್ಲ ಅಲ್ವಾ? ಇನ್ನು ಬರೀ ಅದೇ ಕಾಣುತ್ತದೆ.

ಸಾಣೆ ಆಯಿತು, ಪರೀಕ್ಷೆ. ಒಣ ಕಡ್ಡಿಯಲ್ಲಿ ಸುರುಳಿ ಚೆನ್ನಾಗಿ ಏಳುತ್ತಿದೆ. ಬೆನ್ನಿನ ಅಂಚನ್ನು ಚೂಪಾಗಿಯೇ ಬಿಟ್ಟಿದ್ದೇನೆ, ಫೆರೋ ರಾಡ್, ಅಂದರೆ ಕೆರೆದರೆ ಕಿಡಿ ಹಾರುವ ಕಡ್ಡಿ, ಅದನ್ನು ಕೆರೆಯಲು. ಕಿಡಿ ಬಂತು. ಇನ್ನೊಮ್ಮೆ. ಬೆಂಕಿ ಇನ್ನೇನು ಹತ್ತಬೇಕು... ಹನಿ ಬಿತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು! ಅಮ್ಮ ಕೂಗುತ್ತಿರುವುದು ಕೇಳಿಸುತ್ತಿದೆಯಲ್ಲ, ಅದು ನನಗೇ. ಮುಂದಿನ ಎರಡು ನಿಮಿಷ ಕ್ಯಾಮೆರಾದಲ್ಲಿ ಬರೀ ನನ್ನ ಚಪ್ಪಲಿ ಇದೆ, ಒಂದೇ ಕಾಲಿನದು. ವಿಡಿಯೋದಲ್ಲಿ ಆ ಭಾಗ ಕತ್ತರಿಸಿದ್ದೇನೆ.