ಹಳೇ ಮಿಯಾಟಾಗೆ ಯಾವ ಕೂಲಂಟ್ ಹಾಕ್ಬೇಕು? ಬಣ್ಣ ನೋಡಿ ತಗೋಬೇಡಿ

(ಬಾನೆಟ್ ಎತ್ತಿರೋ ಶಾಟ್, ಕ್ಯಾಮೆರಾ ರೇಡಿಯೇಟರ್ ಹತ್ರ)

ನಮಸ್ಕಾರ ಎಲ್ರಿಗೂ. ಇಂಜಿನ್ ತಣ್ಣಗಿಡೋಕೆ ಅದ್ರೊಳಗೂ ರೇಡಿಯೇಟರಲ್ಲೂ ಹರಿಯೋ ದ್ರವಾನೇ ಕೂಲಂಟ್. ಇದು ನನ್ನ 1992ರ ಮಾಜ್ದಾ ಮಿಯಾಟಾ, 1.6 ಲೀಟರ್ ಇಂಜಿನ್, ನ್ಯೂಜೆರ್ಸಿಗೆ ಬಂದ್ಮೇಲೆ ಆಸೆಪಟ್ಟು ತಗೊಂಡಿದ್ದು. ತಗೊಂಡ ವಾರಾನೇ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ಬಿಚ್ಚಿ ನೋಡ್ದೆ, ಕ್ಯಾಪ್ ಅಡಿ ರಬ್ಬರಿಗೆ ರಾಗಿ ಗಂಜಿ ಹಂಗೆ ಕಂದು ಬಣ್ಣದ ಲೋಳೆ ಅಂಟ್ಕೊಂಡಿತ್ತು, ಬೆರಳಲ್ಲಿ ಉಜ್ಜಿದ್ರೆ ಮರಳು ಮರಳು. ಹಿಂದಿನ ಓನರ್‌ನ ಕೇಳಿದ್ರೆ, ಹಸಿರು ಕೂಲಂಟ್ ಇತ್ತು, ಕಮ್ಮಿ ಆಗಿತ್ತು ಅಂತ ಮನೇಲಿದ್ದ ಕಿತ್ತಳೆ ಬಣ್ಣದ್ದು ಸುರಿದೆ, ಎಲ್ಲಾ ಒಂದೇ ಅಲ್ವಾ ಅಂದ್ರು.

ಒಂದೇ ಅಲ್ಲ. ಇವತ್ತು ಅದನ್ನೇ ಹೇಳ್ಬೇಕು ಅಂತ ಕೂತಿದೀನಿ.

ಮೊದ್ಲು ಬಣ್ಣದ ವಿಷಯ ಮುಗಿಸ್ಬಿಡೋಣ. ಬಣ್ಣ ಅನ್ನೋದು ಬರೀ ಡೈ, ಯಾವ ಬಣ್ಣಕ್ಕೆ ಯಾವ ಕೆಮಿಸ್ಟ್ರಿ ಅಂತ ಎಲ್ಲಾ ಕಂಪನಿಗೂ ಒಂದೇ ರೂಲ್ ಇಲ್ಲ. ಅಮೆರಿಕದ ಹಳೇ ಮಾಮೂಲಿ ಕೂಲಂಟೂ ಹಸಿರೇ, ಮಾಜ್ದಾ ಆಮೇಲೆ ತಂದ ಎಫ್ಎಲ್22 ಅನ್ನೋ ಕೂಲಂಟ್ ಕೂಡ ಹಸಿರೇ, ಆದ್ರೆ ಒಳಗಿರೋದು ಬೇರೆ ಬೇರೆ. ಡಬ್ಬದ ಬಹುಪಾಲು ಎಥಿಲೀನ್ ಗ್ಲೈಕಾಲೇ ಇರುತ್ತೆ, ವ್ಯತ್ಯಾಸ ಇರೋದು ತುಕ್ಕು ತಡೆಯೋಕೆ ಸೇರಿಸೋ ಸ್ವಲ್ಪ ಕೆಮಿಕಲ್‌ನಲ್ಲಿ, ಹಳೇ ಗಾಡಿ ಉಳಿಯೋದೂ ಹಾಳಾಗೋದೂ ಅದ್ರಲ್ಲೇ.

ಈ ತುಕ್ಕು ತಡೆಯೋ ಕೆಮಿಕಲ್ ಆಗಿ ಯುರೋಪಿನವರು ಸಿಲಿಕೇಟ್ ಹಾಕ್ತಾರೆ, ಫಾಸ್ಫೇಟ್ ಬೇಡ ಅಂತಾರೆ, ಯಾಕಂದ್ರೆ ಅಲ್ಲಿ ನೀರು ಗಡಸು, ಫಾಸ್ಫೇಟೂ ಕ್ಯಾಲ್ಸಿಯಮ್ಮೂ ಸೇರಿದ್ರೆ ಒಳಗೆ ಸುಣ್ಣದ ಪದರ ಕಟ್ಟುತ್ತೆ. ಜಪಾನಿನವರದ್ದು ಉಲ್ಟಾ, ಸಿಲಿಕೇಟ್ ವಾಟರ್ ಪಂಪ್ ಸೀಲ್ ಸವೆಸುತ್ತೆ ಅಂತ ಅದನ್ನ ಬಿಟ್ಟು ಫಾಸ್ಫೇಟ್ ಇಟ್ಕೊಂಡ್ರು. ಇನ್ನು 1990ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರ್ ಕಂಪನಿ ಜಿಎಂ ತಂದ ಕಿತ್ತಳೆ ಡೆಕ್ಸ್‌ಕೂಲ್ ಥರದ್ರಲ್ಲಿ ಇವೆರಡೂ ಇಲ್ಲ, ಆರ್ಗ್ಯಾನಿಕ್ ಆಸಿಡ್ ಮಾತ್ರ. ಅದು ನಿಧಾನಕ್ಕೆ ಕೆಲಸ ಮಾಡುತ್ತೆ, ತುಂಬಾ ವರ್ಷ ಬಾಳಿಕೆ ಬರುತ್ತೆ, ಆದ್ರೆ ಅದ್ರಲ್ಲಿರೋ 2-ಇಎಚ್ಎ ಅನ್ನೋ ಆಸಿಡ್ ಹಳೇ ಸಿಲಿಕೋನ್ ಸೀಲ್‌ಗಳನ್ನ ಮೆತ್ತಗೆ ಮಾಡುತ್ತೆ ಅನ್ನೋ ಭಯ ಇದೆ. 30 ವರ್ಷದ ಸೀಲ್ ಇಟ್ಕೊಂಡು ನಾನಂತೂ ಆ ರಿಸ್ಕ್ ತಗೊಳಲ್ಲ.

ಈಗ ನಮ್ಮ ಗಾಡಿ. ಮಿಯಾಟಾ ಇಂಜಿನ್ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ, ಎರಡು ಲೋಹಕ್ಕೂ ಒಂದೇ ನೀರು ಹರಿಯುತ್ತೆ, ಇನ್ಹಿಬಿಟರ್, ಅಂದ್ರೆ ಆ ತುಕ್ಕು ತಡೆಯೋ ಕೆಮಿಕಲ್, ಸತ್ತೋದ್ರೆ ಮೊದ್ಲು ತಿನ್ಸ್ಕೊಳೋದು ಅಲ್ಯುಮಿನಿಯಂ. ಅದಕ್ಕೇ ನನ್ನ ಆಯ್ಕೆ ಏಷ್ಯನ್ ಗಾಡಿಗಳಿಗೆ ಅಂತ ಬರೆದಿರೋ, ಫಾಸ್ಫೇಟ್ ಇರೋ, ಸಿಲಿಕೇಟೂ 2-ಇಎಚ್ಎನೂ ಇಲ್ಲದ ಕೂಲಂಟ್. ಟೊಯೋಟಾದ ಕೆಂಪು ಕಾನ್ಸಂಟ್ರೇಟ್, ಅಂದ್ರೆ ನೀರು ಬೆರೆಸದ ಕೂಲಂಟ್, ಈ ಜಾತಿಯದ್ದೇ. ಹಳೇ ಹಸಿರು ಹಾಕಿದ್ರೂ ತಪ್ಪಿಲ್ಲ, ಆದ್ರೆ 2 ವರ್ಷಕ್ಕೊಂದ್ಸಲ ಮರೀದೇ ಬದಲಾಯಿಸ್ಬೇಕು.

(ಡ್ರೈನ್ ಪ್ಲಗ್ ಕ್ಲೋಸಪ್)

ಈಗ ಹೇಳೋದು ಸ್ವಲ್ಪ ಗಮನ ಕೊಟ್ಟು ಕೇಳಿ, ತುಂಬಾ ಜನ ಎಡವೋದು ಇಲ್ಲೇ. ಸಿಸ್ಟಮ್‌ನಲ್ಲಿ ಹಿಡಿಯೋದು ಸುಮಾರು 6 ಲೀಟರ್, ರೇಡಿಯೇಟರ್ ಕೆಳಗಿನ ಈ ಪ್ಲಾಸ್ಟಿಕ್ ಪ್ಲಗ್ ಬಿಚ್ಚಿದ್ರೆ ಅಷ್ಟೂ ಬರಲ್ಲ, ಬ್ಲಾಕಲ್ಲೂ ಹೀಟರಲ್ಲೂ ತುಂಬಾ ಉಳ್ಕೊಳುತ್ತೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬ್ಸಿ, ಇಂಜಿನ್ ಬಿಸಿ ಮಾಡಿ, ಪೂರ್ತಿ ತಣ್ಣಗಾದ್ಮೇಲೆ ಬಿಡ್ಬೇಕು, ಮತ್ತೆ ತುಂಬಿಸ್ಬೇಕು, ನಂಗೆ ನೀರು ತಿಳಿಯಾಗೋಕೆ 5 ಸಲ ಬೇಕಾಯ್ತು. ಕೊನೇ ಸಲ ಬಿಟ್ಟಾಗ್ಲೂ ಒಳಗೆ ಬರೀ ನೀರು ಉಳಿದಿರುತ್ತೆ, ಅದ್ರ ಮೇಲೆ ಅರ್ಧ ಕೂಲಂಟ್ ಅರ್ಧ ನೀರು ಮೊದ್ಲೇ ಬೆರೆಸಿರೋ ರೆಡಿಮೇಡ್ 50-50 ಸುರಿದ್ರೆ ನಿಮ್ಮ ಮಿಕ್ಸ್ ತೆಳ್ಳಗಾಗೋಗುತ್ತೆ. ಹಾಗಾಗಿ ಮೊದ್ಲು 3 ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದ ಜಾಗಕ್ಕೆ ಮಾತ್ರ ಡಿಸ್ಟಿಲ್ಡ್ ವಾಟರ್. ಸರಿಯಾದ 50-50 ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟಲ್ಲ.

ಬೆಂಗಳೂರಿಂದ ನನ್ನ ತಮ್ಮ ಕೇಳ್ತಾನೆ, ಇಲ್ಲಿ ಹಿಮ ಬೀಳಲ್ವಲ್ಲ, ಬೋರ್ ನೀರು ಸಾಲ್ದಾ ಅಂತ. ಸಾಲಲ್ಲ ಕಣೋ. ಹೆಪ್ಪುಗಟ್ಟೋದಷ್ಟೇ ಅಲ್ಲ ವಿಷಯ, ತುಕ್ಕು ತಡೀಬೇಕು, ಕುದಿಯೋ ಬಿಂದು ಮೇಲೇರಬೇಕು, ಬರೀ ನೀರು ಎರಡೂ ಮಾಡಲ್ಲ, ಅದ್ರಲ್ಲೂ ಬೋರ್ ನೀರಲ್ಲಿ ಬಿಸಿನೀರಿನ ಹಂಡೆ ಒಳಗೆ ಕಟ್ಟೋ ಬಿಳೀ ಪದರಾನೇ ಇಂಜಿನ್ ಒಳಗೂ ಕಟ್ಟೋದು.

(ಟಾಪ್ ಟ್ಯಾಂಕ್ ತೋರಿಸ್ತಾ)

ಇನ್ನೊಂದು, ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ನೋಡಿ. ಕಪ್ಪಗಿದ್ದದ್ದು ಹಿಂಗೆ ಕಂದಾಗಿದ್ರೆ ಪ್ಲಾಸ್ಟಿಕ್ ಪೆಡಸಾಗಿದೆ, ಬಿರುಕು ಬಿಡೋ ದಿನ ದೂರ ಇಲ್ಲ ಅಂತ ಅರ್ಥ, ಅದಕ್ಕೆ ಎಷ್ಟು ಒಳ್ಳೇ ಕೂಲಂಟ್ ಹಾಕಿದ್ರೂ ಪ್ರಯೋಜನ ಇಲ್ಲ, ಮೊದ್ಲು ರೇಡಿಯೇಟರ್ ಬದಲಾಯಿಸಿ.

ತೆಗೆದ ಹಳೇ ಕೂಲಂಟ್‌ನ ದಯವಿಟ್ಟು ಚರಂಡಿಗೆ ಬಿಡ್ಬೇಡಿ, ಬಕೆಟ್ ತೆರೆದಿಟ್ಟು ಒಳಗೂ ಹೋಗ್ಬೇಡಿ. ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ತಾವೆ, ಸ್ವಲ್ಪ ಹೊಟ್ಟೆಗೆ ಹೋದ್ರೂ ಕಿಡ್ನಿ ಹೋಗುತ್ತೆ. ಮುಚ್ಚಳ ಇರೋ ಕ್ಯಾನಿಗೆ ಹಾಕಿ ರೀಸೈಕ್ಲಿಂಗ್‌ಗೆ ಕೊಡಿ.

ಎಲ್ಲಾ ಆದ್ಮೇಲೆ ಕಾಗದದ ಟೇಪ್ ಒಂದು ತುಂಡು ಹರಿದು, ಕೂಲಂಟ್ ಹೆಸ್ರು, ತುಂಬ್ಸಿದ ತಾರೀಖು ಎರಡೂ ಮಾರ್ಕರಲ್ಲಿ ಬರೆದು ಬಾನೆಟ್ ಒಳಗಡೆ ಅಂಟಿಸಿದೀನಿ, ಇಲ್ಲಿ ನೋಡಿ. ನಾಳೆ ಈ ಗಾಡಿ ಯಾರ ಕೈಗೆ ಹೋದ್ರೂ ಟಾಪ್ ಅಪ್ ಮಾಡೋ ಮುಂಚೆ ಅವ್ರ ಕಣ್ಣಿಗೆ ಮೊದ್ಲು ಇದೇ ಬೀಳ್ಬೇಕು.