ನರಪಿಳ್ಳೆಯಿಲ್ಲದ ಬೀದಿ

ಆತ್ಮೀಯರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದವರು ನಮ್ಮ ಈ ಹಿರಿಯರ ಬಳಗದಲ್ಲಿ ಸಾಕಷ್ಟು ಮಂದಿ ಇದ್ದೀರಿ. ಬಂದ ಮೇಲೆ ನೀವೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಎಲ್ಲ ಇದೆ, ಆದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಆ ಜನ ಯಾರೊಂದಿಗೂ ಬೆರೆಯುವುದಿಲ್ಲ.’ ಮೊದಲರ್ಧ ನಿಜ. ಉಳಿದರ್ಧಕ್ಕೆ ನನ್ನ ತಕರಾರಿದೆ.

ನಾನಿದ್ದದ್ದು ಉತ್ತರ ಕೆರೊಲಿನಾ ರಾಜ್ಯದ ಕ್ಯಾರಿಯಲ್ಲಿ. ರಾಜಧಾನಿ ರಾಲಿಗೆ ಅಂಟಿಕೊಂಡ ಊರು. ಸಾಫ್ಟ್‌ವೇರಿನವರು, ಔಷಧ ಕಂಪನಿಯವರು, ಅವರ ನಡುವೆ ನಮ್ಮವರೂ ಬೇಕಾದಷ್ಟು. ಬೆಳಿಗ್ಗೆ ತಿರುಗಾಡಲು ಹೊರಟರೆ ಕಾಲುದಾರಿ ಚೊಕ್ಕಟವಾಗಿದೆ. ನಾಯಿ ಹಿಡಿದು ಎದುರು ಬರುವವರು ನಕ್ಕು ‘ಗುಡ್ ಮಾರ್ನಿಂಗ್’ ಹೇಳದೆ ಮುಂದೆ ಹೋಗುವುದಿಲ್ಲ. ನಮ್ಮ ಬಡಾವಣೆಯಲ್ಲಿ ಗುರುತಿಲ್ಲದವನು ನಕ್ಕರೆ ಸಾಲ ಕೇಳಲು ಬಂದನೇನೋ ಎಂದು ಅನುಮಾನಿಸುವವರು ನಾವು! ಆದರೆ ಆ ದಾರಿ ಹಿಡಿದು ಎಷ್ಟು ನಡೆದರೂ ಮನೆ, ಅದರಾಚೆ ಇನ್ನೊಂದು ಮನೆ. ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು, ಕ್ಷೌರಕ್ಕೂ ಬೇಕು, ವೆಂಕಟೇಶ್ವರನ ದರ್ಶನಕ್ಕೂ ಬೇಕು.

ಇದು ತಾನಾಗಿ ಆದದ್ದಲ್ಲ. ಓಹಿಯೊ ರಾಜ್ಯದಲ್ಲಿ ಯೂಕ್ಲಿಡ್ ಎಂಬ ಸಣ್ಣ ಊರಿತ್ತು. ಇಷ್ಟು ಜಾಗದಲ್ಲಿ ಮನೆ ಮಾತ್ರ, ಅಂಗಡಿ ಬೇರೆ ಕಡೆ, ಕಾರ್ಖಾನೆ ಇನ್ನೂ ಆಚೆ ಎಂದು ಅದು ತನ್ನ ನೆಲವನ್ನು ವಲಯಗಳಾಗಿ ವಿಂಗಡಿಸಿತು. ಅಲ್ಲಿ ಜಮೀನಿದ್ದ ಕಂಪನಿಯೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1926ರಲ್ಲಿ ಊರೇ ಗೆದ್ದಿತು. ಒಂಟಿ ಮನೆಗಳ ಬೀದಿಗೆ ಬಂದು ಸೇರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಎಂದೇ ಜರೆದಿದೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ತೀರ್ಪಿನ ಬಲದಿಂದ ದೇಶದ ಹೆಚ್ಚಿನ ಊರುಗಳು ಇದೇ ಜಾಡು ಹಿಡಿದವು. ಮನೆಗಳ ನಡುವೆ ಶೆಟ್ಟರ ಅಂಗಡಿ ಇಡಲು ಶೆಟ್ಟರು ಸಿದ್ಧರಿದ್ದರೂ ಕಾನೂನು ಬಿಡುವುದಿಲ್ಲ. ಅಂಗಡಿಯಿಲ್ಲದ ಮೇಲೆ ಜಗಲಿಯಿಲ್ಲ. ಜಗಲಿಯಿಲ್ಲದ ಮೇಲೆ ಹರಟೆ ಎಲ್ಲಿಂದ ಬರಬೇಕು?

ಜನರ ಸ್ವಭಾವ ಕಾಣಬೇಕಾದರೆ ಸಿಗ್ನಲ್ ಇಲ್ಲದ ಚೌಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ನಾಲ್ಕೂ ದಿಕ್ಕಿಗೆ ಎಂಟು ಮೂಲೆಯ ಕೆಂಪು ಫಲಕ, ಅದರ ಮೇಲೆ ‘ಸ್ಟಾಪ್’. ಪೊಲೀಸರಿಲ್ಲ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ಆದ್ಯತೆ. ನಾನು ಕಂಡಂತೆ ಇಬ್ಬರೂ ಸ್ಟಿಯರಿಂಗಿನಿಂದ ಬೆರಳೆತ್ತಿ ‘ನೀವು ಹೋಗಿ’ ಎನ್ನುತ್ತಾರೆ, ಇಬ್ಬರೂ ಹೊರಡುವುದಿಲ್ಲ, ಹಿಂದಿನವರು ಹಾರ್ನ್ ಕೂಡ ಮಾಡುವುದಿಲ್ಲ.

ಮನೆಯ ಮುಂದಿನ ಟಪಾಲು ಪೆಟ್ಟಿಗೆಯ ವಿಷಯವೂ ಇಂಥದ್ದೇ. ಕಂಬದ ಮೇಲೆ ಬೀಗವಿಲ್ಲದ ಡಬ್ಬಿ, ಅದರ ಪಕ್ಕಕ್ಕೆ ಒಂದು ಪುಟ್ಟ ಕೆಂಪು ಬಾವುಟ. ಅಂಚೆಚೀಟಿ ಹಚ್ಚಿದ ಕಾಗದವನ್ನು ಒಳಗಿಟ್ಟು ಬಾವುಟ ಎತ್ತಿದರೆ ಸಾಕು, ಟಪಾಲು ಕೊಡಲು ಬಂದವರೇ ಅದನ್ನು ಒಯ್ಯುತ್ತಾರೆ. ಅವರ ವ್ಯಾನಿಗೆ ನಮ್ಮಲ್ಲಿಯಂತೆ ಬಲಗಡೆ ಸ್ಟಿಯರಿಂಗ್. ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶವಲ್ಲವೇ, ಕೆಳಗಿಳಿಯದೆ ಡಬ್ಬಿಗೆ ಕೈ ಎಟುಕಬೇಕು. ಈಚೆಗೆ ಕಳವಿನ ಹೆದರಿಕೆಯಿಂದ ಚೆಕ್ ಇಡಲು ಹಿಂಜರಿಯುವವರೂ ಇದ್ದಾರೆ. ಆದರೂ ಬೀಗ ಹಾಕದ ಡಬ್ಬಿಗಳು ಸಾಲುಸಾಲಾಗಿ ಹಾಗೇ ಇವೆ.

ನನಗೆ ಹಿಡಿಸದೆ ಹೋದದ್ದು ಹೋಟೆಲಿನ ಟಿಪ್ಸ್. ಬಿಲ್ಲಿನ ಮೇಲೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಕೊಡಬೇಕು. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕೆಂದು ಕೇಂದ್ರದ ಕಾನೂನು ಹೇಳುತ್ತದೆ. 1991ರಿಂದ ಆ ಮೊತ್ತ ಕದಲಿಲ್ಲ. ಟಿಪ್ಸ್ ಸೇರಿಯೂ 7.25 ಡಾಲರ್ ಆಗದಿದ್ದರೆ ಮಾತ್ರ ಮಾಲೀಕರು ಕೊರತೆ ತುಂಬಬೇಕು. ಕೆಲವು ರಾಜ್ಯಗಳು ಹೆಚ್ಚು ಗೊತ್ತುಮಾಡಿವೆ, ಉತ್ತರ ಕೆರೊಲಿನಾ ಮಾಡಿಲ್ಲ. ಹೀಗಾಗಿ ‘ಊಟ ಹೇಗಿದೆ’ ಎಂದು ನಾಲ್ಕು ಸಲ ಬಂದು ವಿಚಾರಿಸುವ ಹುಡುಗಿಯ ನಗುವಿನಲ್ಲಿ ಸ್ನೇಹವೆಷ್ಟು, ಸಂಬಳವೆಷ್ಟು ಎಂಬ ಲೆಕ್ಕ ನನಗೆ ಬಗೆಹರಿಯಲಿಲ್ಲ. ನಮ್ಮ ದರ್ಶಿನಿಯಲ್ಲಿ ಯಾರೂ ನಗುವುದಿಲ್ಲ, ಆದರೆ ಬಿಲ್ಲು ಬಿಲ್ಲೇ.

ಕ್ಯಾರಿಯ ಹಳೆಯ ಭಾಗಕ್ಕೆ ಹೋದ ಮೇಲೆ ನನ್ನ ತಕರಾರಿಗೆ ಬಲ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ದಾರಿಯ ಮಗ್ಗುಲಲ್ಲಿ ಬೆಳೆದ ಜಾಗ ಅದು, ವಲಯದ ಕಾನೂನಿಗಿಂತ ಹಿಂದಿನದು. ಅಲ್ಲಿ ಅಂಗಡಿಗಳಿವೆ, ಗ್ರಂಥಾಲಯವಿದೆ, ಉದ್ಯಾನವಿದೆ, ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿ. ಬೆಂಚಿನ ಮೇಲೆ ಕುಳಿತರೆ ಪಕ್ಕದವರು ತಾವಾಗಿ ಊರು ಕೇಳುತ್ತಾರೆ, ತಮ್ಮ ಮಂಡಿನೋವಿನ ಕಥೆ ಹೇಳುತ್ತಾರೆ. ಬೀದಿಯಲ್ಲಿ ಕಾಣದ ಜನ ಇವರೇ.

ಆದ್ದರಿಂದ ನಿಮ್ಮ ಮಗನೋ ಸೊಸೆಯೋ ಅಲ್ಲಿ ಮನೆ ಹುಡುಕುತ್ತಿದ್ದರೆ, ಇಂಥ ಹಳೆಯ ಪೇಟೆಗೆ ನಡೆದು ಹೋಗುವಷ್ಟು ದೂರದಲ್ಲಿ ಹುಡುಕಲು ಈಗಲೇ ಹೇಳಿಬಿಡಿ. ಬೆಲೆ ಜಾಸ್ತಿ, ಮನೆ ಚಿಕ್ಕದು ಎಂದು ಗೊಣಗುತ್ತಾರೆ. ಗೊಣಗಲಿ ಬಿಡಿ.