ತಂಬಿಗೆಯ ಲೆಕ್ಕ ಇಟ್ಟ ಡಾಕ್ಟರು

ಕೇಳುಗರಿಗೆ ನಮಸ್ಕಾರ. ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ನಿಮ್ಮಲ್ಲಿ ಯಾರಾದರೂ ಊಟಕ್ಕೆ ಕೂತಿದ್ದರೆ ರೇಡಿಯೋ ಸದ್ದು ಒಂಚೂರು ಕಡಿಮೆ ಮಾಡಿಕೊಳ್ಳಿ, ಆದರೆ ಆರಿಸಬೇಡಿ.

ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಮನೆಗೆ ಬಂದ ನೆಂಟರು ಬೆಳಗ್ಗೆ ಎದ್ದು ತಂಬಿಗೆ ಇಟ್ಟು ಒಳಗೆ ಬಂದರೆ ಸಾಕು, ಚಹಾ ಕೊಡುವ ಮೊದಲೇ ಕೇಳುತ್ತಾಳೆ: "ಹೊಟ್ಟಿ ಸಾಫ್ ಆತಿಲ್ಲೋ ತಮ್ಮಾ?" ಪೇಟೆಯಿಂದ ಬಂದ ಅಳಿಯಂದಿರು ನಾಚಿಕೊಂಡು ಗೋಡೆ ನೋಡುತ್ತಾರೆ. ಇದೇ ಪ್ರಶ್ನೆಯನ್ನು ಎಷ್ಟೋ ದೇಶಗಳ ಜನರಿಗೆ ನಾಚಿಕೆ ಬಿಟ್ಟು ಕೇಳಿದ ಒಬ್ಬ ಡಾಕ್ಟರು ಇದ್ದರು. ಹೆಸರು ಡೆನಿಸ್ ಬರ್ಕಿಟ್.

ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನಿಸ್ಕಿಲನ್ ಊರಲ್ಲಿ. ಹನ್ನೊಂದನೇ ವಯಸ್ಸಿಗೇ ಒಂದು ಕಣ್ಣು ಹೋಯಿತು. ಅವರ ಅಪ್ಪನಿಗೆ ಹಕ್ಕಿ ನೋಡುವ ಹುಚ್ಚು, ಯಾವ ರಾಬಿನ್ ಹಕ್ಕಿ ಎಲ್ಲಿಂದ ಎಲ್ಲಿವರೆಗೆ ತನ್ನ ಜಾಗ ಅಂತ ಓಡಾಡುತ್ತದೆ ಎಂದು ನಕ್ಷೆ ಬರೆದಿಡುತ್ತಿದ್ದ ಮನುಷ್ಯ. ಮಗ ಮೊದಲು ಇಂಜಿನಿಯರಿಂಗ್ ಸೇರಿ, ಮನಸ್ಸು ಬದಲಾಯಿಸಿ ಡಾಕ್ಟರಿಕೆ ಓದಿ ಸರ್ಜನ್ ಆದರು. ನಕ್ಷೆಯ ಚಟ ಮಾತ್ರ ಅಪ್ಪನಿಂದ ಹಾಗೇ ಬಂತು ಅಂತ ನನ್ನ ಅನಿಸಿಕೆ.

ಯಾಕೆಂದರೆ 1957ರಲ್ಲಿ, ಉಗಾಂಡದ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿದ್ದಾಗ, ದವಡೆ ಎಲ್ಲ ಕಡೆ ಬಾತುಕೊಂಡ ಒಬ್ಬ ಪುಟ್ಟ ಹುಡುಗನನ್ನು ಅವರಿಗೆ ತೋರಿಸಿದರು. ಸ್ವಲ್ಪ ದಿನಕ್ಕೆ ಬೇರೆ ಊರಲ್ಲಿ ಅಂಥದೇ ಇನ್ನೊಂದು ಮಗು. ಇದು ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ? ಅದನ್ನು ತಿಳಿಯೋಕೆ 1961ರಲ್ಲಿ ಹಳೇ ಕಾರೊಂದರಲ್ಲಿ ಇಬ್ಬರು ಗೆಳೆಯರ ಜೊತೆ ಆಫ್ರಿಕಾದಲ್ಲಿ ಹತ್ತು ಸಾವಿರ ಮೈಲಿ ತಿರುಗಿದರು, ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಫೋಟೋ ತೋರಿಸಿ ಇಂಥ ಮಕ್ಕಳನ್ನು ನೋಡಿದ್ದೀರಾ ಅಂತ ಕೇಳುತ್ತಾ. ಆ ಬಾವು ಒಂದು ಬಗೆಯ ಕ್ಯಾನ್ಸರು, ಅದಕ್ಕೆ ಇವತ್ತಿಗೂ ಬರ್ಕಿಟ್ ಲಿಂಫೋಮಾ ಅಂತಲೇ ಹೆಸರು. ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ಸಾಕು ಅಂತ ಕೂತುಬಿಡುತ್ತಿದ್ದರು.

1966ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದರು. ಅಲ್ಲಿ ಕ್ಲೀವ್ ಎಂಬ ನೌಕಾಪಡೆಯ ಡಾಕ್ಟರ ಪರಿಚಯವಾಯಿತು. ಮೈದಾ, ಸಕ್ಕರೆ ಹೀಗೆ ಬಿಳಿ ಮಾಡಿದ್ದೆಲ್ಲ ತಿಂದೇ ನಮಗೆ ಇಷ್ಟು ಕಾಯಿಲೆ ಎನ್ನುವುದು ಕ್ಲೀವ್ ವಾದ. ಬರ್ಕಿಟ್ ತಮ್ಮ ಉಗಾಂಡದ ವರ್ಷಗಳನ್ನು ನೆನೆಸಿಕೊಂಡರು. ಅಷ್ಟು ಹೊಟ್ಟೆ ಕೊಯ್ದಿದ್ದಾರೆ, ಅಪೆಂಡಿಕ್ಸ್ ಊದಿದ್ದು ಎಷ್ಟು ಸಲ ಕಂಡಿದ್ದರು? ಬಲು ಅಪರೂಪ. ಇಂಗ್ಲೆಂಡಿನಲ್ಲಿ ಅದು ದಿನಬೆಳಗಾದರೆ ಬರುವ ಕೇಸು.

ಸರಿ, ಮತ್ತೆ ಎಣಿಸೋದು ಶುರು. ಜನರಿಗೆ ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಗುಂಡುಗಳನ್ನು ನುಂಗಿಸಿದರು. ಆಮೇಲೆ ಒಬ್ಬೊಬ್ಬರ ಮಲವನ್ನು ಚೀಲದಲ್ಲಿ ಹಿಡಿದು, ತೂಕ ಮಾಡಿ, ಎಕ್ಸ್‌ರೇ ತೆಗೆದು ಗುಂಡುಗಳು ಹೊರಗೆ ಬರಲು ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿದರು. ಈ ಕೆಲಸದಲ್ಲಿ ವಾಕರ್, ಪೇಂಟರ್ ಎಂಬ ಇನ್ನಿಬ್ಬರು ಜೊತೆಗಿದ್ದರು. 1972ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಫ್ರಿಕಾದ ಹಳ್ಳಿಯವರಲ್ಲಿ ಸುಮಾರು ಒಂದೂವರೆ ದಿನಕ್ಕೆ ಎಲ್ಲ ಹೊರಗೆ, ದಿನದ ತೂಕ 400 ಗ್ರಾಮಿಗೂ ಜಾಸ್ತಿ. ಇಂಗ್ಲೆಂಡಿನವರಲ್ಲಿ ಮೂರು ದಿನದ ಮೇಲೆ, ತೂಕ ಬರೀ 100 ಗ್ರಾಮಿನ ಆಸುಪಾಸು. ಬಹಿರ್ದೆಸೆ ಸಣ್ಣದಾದ ಕಡೆ ಆಸ್ಪತ್ರೆ ದೊಡ್ಡದಾಗಬೇಕಾಗುತ್ತದೆ ಅಂತ ಅವರು ಸಭೆಗಳಲ್ಲಿ ಹೇಳಿ ನಗಿಸುತ್ತಿದ್ದರಂತೆ.

ವ್ಯತ್ಯಾಸ ಇದ್ದದ್ದು ಊಟದಲ್ಲಿರುವ ನಾರಿನಲ್ಲಿ, ಅಂದರೆ ಕಾಳು, ಸೊಪ್ಪು, ತೌಡಿನಲ್ಲಿರುವ ಫೈಬರಿನಲ್ಲಿ. ನಾರು ಸಣ್ಣ ಕರುಳಲ್ಲಿ ಜೀರ್ಣ ಆಗಲ್ಲ, ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಒಂದಷ್ಟು ನೀರು ಹಿಡಿದುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಇನ್ನೊಂದಷ್ಟನ್ನು ಅಲ್ಲಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ತಿಂದು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ಕರುಳಿನ ಒಳಗೋಡೆಗೆ ಅದೇ ಊಟ. ನಾವು ಉಣ್ಣುವಾಗ ಅವಕ್ಕೂ ಒಂದು ಎಡೆ ಇಟ್ಟ ಹಾಗೆ.

ಬರ್ಕಿಟ್ ಹೇಳಿದ್ದೆಲ್ಲ ಸರಿಯೇನಲ್ಲ ಬಿಡಿ. ಹೃದಯದಿಂದ ಹಿಡಿದು ಮೂಲವ್ಯಾಧಿವರೆಗೆ ಎಲ್ಲದಕ್ಕೂ ನಾರಿನ ಕೊರತೆಯೇ ಕಾರಣ ಎನ್ನುವಷ್ಟು ದೂರ ಹೋದರು. ಆ ಹಳ್ಳಿಯವರು ಹೊಲದಲ್ಲಿ ದುಡಿಯುತ್ತಿದ್ದರು, ಮಾಂಸ ಕಡಿಮೆ ತಿನ್ನುತ್ತಿದ್ದರು, ಅದೂ ಲೆಕ್ಕಕ್ಕೆ ಬರಬೇಕಲ್ವಾ? ಆದರೆ ಬುಡದ ಮಾತು ಗಟ್ಟಿ. 2015ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಅಮೆರಿಕದ ಕಪ್ಪು ಜನ ಇಪ್ಪತ್ತು ಮಂದಿ, ದಕ್ಷಿಣ ಆಫ್ರಿಕಾದ ಹಳ್ಳಿಯವರು ಇಪ್ಪತ್ತು ಮಂದಿ, ಎರಡು ವಾರ ಒಬ್ಬರ ಊಟ ಇನ್ನೊಬ್ಬರು ಉಂಡರು. ಅಷ್ಟರಲ್ಲೇ ಅಮೆರಿಕದವರ ಕರುಳಲ್ಲಿ ಬ್ಯುಟಿರೇಟ್ ಏರಿತು, ಹಳ್ಳಿಯವರದು ಇಳಿಯಿತು. ಬರ್ಕಿಟ್ 1993ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡೋಕೆ ಇರಲಿಲ್ಲ.

ಇನ್ನು ನಮ್ಮ ಕಡೆಗೆ ಬನ್ನಿ. ಊಟ ಅದಲುಬದಲು ಮಾಡುವ ಪ್ರಯೋಗ ನಮ್ಮಲ್ಲೂ ನಡೆದಿದೆ, ಯಾವ ವಿಜ್ಞಾನಿಯೂ ಕೂತು ಮಾಡಿದ್ದಲ್ಲ ಅಷ್ಟೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಜೋಳದ ಹೊಲ ಗದ್ದೆಯಾಯಿತು, ಗಂಗಾಳದಲ್ಲೂ ಅನ್ನ ಕೂತಿತು. ತಪ್ಪೇನಿಲ್ಲ, ಆ ಭತ್ತದಿಂದ ಎಷ್ಟೋ ಮನೆ ಎದ್ದಿವೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿ ನೋಡಿ: ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ರೊಟ್ಟಿಯ ಜೊತೆ ಪುಂಡಿಪಲ್ಯ, ಮಡಿಕೆಕಾಳು, ಗುರೆಳ್ಳು ಚಟ್ನಿ ತಾವೇ ಬರುತ್ತವೆ. ಅನ್ನದ ಜೊತೆ ತಿಳಿಸಾರು ಬಂದು ಮುಗಿಯಿತು.

ನಾನು ಕೆಲಸದ ಮೇಲೆ ಗಂಗಾವತಿಯಲ್ಲಿ ಇದ್ದಷ್ಟು ದಿನ ಮೂರು ಹೊತ್ತೂ ಅನ್ನ. ಬೆಳಗ್ಗೆ ಬಚ್ಚಲಮನೆಯಲ್ಲಿ ಅರ್ಧ ಗಂಟೆ ತಪಸ್ಸು. ಒಬ್ಬ ಡಾಕ್ಟರ ಹತ್ತಿರ ಹೋದರೆ ಒಂದು ಬಾಟಲಿ ಸಿರಪ್ ಬರೆದುಕೊಟ್ಟರು, ಏನು ಉಣ್ತೀಯಪ್ಪಾ ಅಂತ ಒಂದು ಮಾತು ಕೇಳಲಿಲ್ಲ. ಬರ್ಕಿಟ್ ಕಥೆ ಓದಿದ ಮೇಲೆ ನಾನೇ ಒಂದು ಪ್ರಯೋಗ ಮಾಡಿದೆ. ಎಕ್ಸ್‌ರೇ ಗುಂಡು ಎಲ್ಲಿ ತರೋದು? ಮೆಕ್ಕೆಜೋಳದ ತೆನೆ ಸುಟ್ಟು ತಿಂದೆ, ಕಾಳಿನ ಸಿಪ್ಪೆ ಕರಗದೆ ಹಾಗೇ ಬರುತ್ತಲ್ಲ, ಅದು. ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಅನ್ನದ ವಾರದಲ್ಲಿ ಅದು ಕಂಡಿದ್ದು ಮೂರನೇ ದಿನ. ಆಮೇಲೆ ಊರಿಂದ ಬಿಳಿಜೋಳ ತರಿಸಿ, ಗಿರಣಿಗೆ ಹಾಕಿಸಿ, ಹಿಟ್ಟನ್ನು ಜರಡಿ ಹಿಡಿಯದೆ ರೊಟ್ಟಿ ಮಾಡಿ ಉಂಡೆ. ಮೊದಲ ನಾಲ್ಕು ದಿನ ಹೊಟ್ಟೆ ಗುಡುಗುಡು, ಗ್ಯಾಸು. ನಾರು ಒಮ್ಮೆಲೇ ಏರಿಸಿದರೆ ಹೀಗೇ, ನಿಧಾನಕ್ಕೆ ಏರಿಸಬೇಕು, ನೀರೂ ಜಾಸ್ತಿ ಕುಡಿಯಬೇಕು. ಹತ್ತನೇ ದಿನ ಮತ್ತೆ ತೆನೆ ತಿಂದೆ. ಮಾರನೇ ದಿನ ಸಂಜೆಗೇ ಕಾಳು ಹಾಜರ್.

ಅಂದಹಾಗೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತೆನೆ ತಿನ್ನುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಹೋದ ಸಲ ಊರಿಗೆ ಹೋದಾಗ ಆ ಚೀಟಿಯನ್ನು ದೊಡ್ಡವ್ವನಿಗೆ ಓದಿ ಹೇಳಿದೆ, ಬರ್ಕಿಟ್ ಕಥೆಯನ್ನೂ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಪಾಪ, ಅಷ್ಟ್ ದೂರ ಯಾಕ ತಿರಗಿದ್ನೋ, ಇಲ್ಲಿಗೆ ಬಂದಿದ್ರ ನಾನ ಹೇಳ್ತಿದ್ದೆ" ಅಂದು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.